ಕ್ರಿಸ್‌ಮಸ್‌ಗೆ ಚಿತ್ರ ಮಾರುವವರೇ, ಬಿಲ್ಲಿನಲ್ಲಿ ಎರಡು ಸಾಲು ಹೆಚ್ಚು ಬರೆಯಿರಿ

ನವೆಂಬರ್ ಬಂತೆಂದರೆ ಚರ್ಚಿನ ಸಭಾಂಗಣಗಳಲ್ಲಿ ಅಲ್ಲಲ್ಲಿ ಚಿತ್ರ, ಗೋದಲಿ, ಶಿಲುಬೆ, ಶುಭಾಶಯ ಕಾರ್ಡುಗಳ ಪ್ರದರ್ಶನ ಮತ್ತು ಮಾರಾಟದ ಬ್ಯಾನರ್ ಕಾಣಿಸಿಕೊಳ್ಳುತ್ತದೆ. ನಡೆಸುವವರು ಸಾಮಾನ್ಯವಾಗಿ ಏಳೆಂಟು ಜನರ ಗುಂಪು. ನಿವೃತ್ತ ಡ್ರಾಯಿಂಗ್ ಮೇಷ್ಟರು, ಕಾನ್ವೆಂಟಿನ ಒಬ್ಬ ಸಿಸ್ಟರ್, ಈಗಷ್ಟೇ ಕಲಾಶಾಲೆ ಮುಗಿಸಿದ ಹುಡುಗರು, ಕೇಕಿನ ಜೊತೆಗೆ ಕ್ವಿಲ್ಲಿಂಗ್ ಕಾರ್ಡನ್ನೂ ಮಾಡುವ ಆಂಟಿಯೊಬ್ಬರು. ಉತ್ಸಾಹಕ್ಕೇನೂ ಕಮ್ಮಿಯಿಲ್ಲ. ಆದರೆ ಚಿತ್ರ ಮಾರಾಟವಾದ ಮೇಲೆ ಶುರುವಾಗುವ ಜಗಳಗಳನ್ನು ನೋಡಿ ನೋಡಿ ಸಾಕಾಗಿದೆ. ಹೆಚ್ಚಿನವು ಒಂದು ಹಾಳೆ ಕಾಗದದಲ್ಲಿ ತಪ್ಪಿಸಬಹುದಾದ ಜಗಳಗಳು.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ರಿಸ್ತನನ್ನು ನಮ್ಮ ಮಣ್ಣಿನ ರೂಪದಲ್ಲಿ ಬರೆಯುವುದು ಇಂದು ನಿನ್ನೆಯದಲ್ಲ. ಗೋವೆಯ ಆಂಜೆಲೊ ದ ಫೊನ್ಸೆಕ (1902–1967) ಶಾಂತಿನಿಕೇತನದಲ್ಲಿ ಕಲಿತು ಬಂದು ಮರಿಯಮ್ಮನಿಗೆ ಸೀರೆ ಉಡಿಸಿದರು. ಊರಿನವರ ಸಿಟ್ಟಿಗೆ ಗುರಿಯಾಗಿ ಪುಣೆಯಲ್ಲಿ ನೆಲೆ ನಿಂತರು. ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೇಪುರದಲ್ಲಿ ಜ್ಯೋತಿ ಸಾಹಿ ಕಲಾ ಆಶ್ರಮವನ್ನೇ ಕಟ್ಟಿದರು. 1978ರಲ್ಲಿ ಏಷ್ಯಾದ ಕ್ರೈಸ್ತ ಕಲಾವಿದರೆಲ್ಲ ಸೇರಿ ಏಷ್ಯನ್ ಕ್ರಿಶ್ಚಿಯನ್ ಆರ್ಟ್ ಅಸೋಸಿಯೇಷನ್ ಮಾಡಿಕೊಂಡರು. ಅಂದರೆ ನಿಮ್ಮ ಏಳೆಂಟು ಜನರ ಗುಂಪಿಗೂ ದೊಡ್ಡ ಬಳಗವಿದೆ. ಇನ್ನು ಕೆಲಸಕ್ಕೆ ಬರೋಣ.

ಯಾವಾಗ, ಎಲ್ಲಿ

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಪ್ರದರ್ಶನವನ್ನು ಅದಕ್ಕೂ ಒಂದೆರಡು ವಾರ ಮೊದಲಿನ ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳಿ. ಡಿಸೆಂಬರ್ ನಡುವಿಗೆ ಬಂದರೆ ಜನರ ದುಡ್ಡು ಬಟ್ಟೆ, ಕೇಕು, ನಕ್ಷತ್ರದ ದೀಪಗಳಿಗೆ ಹೋಗಿ ಆಗಿರುತ್ತದೆ. ಶಾಲೆ, ಆಸ್ಪತ್ರೆಗಳು ಕಾರ್ಡು ಮತ್ತು ಕ್ಯಾಲೆಂಡರಿಗೆ ಚಿತ್ರ ಹುಡುಕುವುದು ನವೆಂಬರಿನಲ್ಲೇ.

ಜಾತ್ರೆಯ ಜನಸಂದಣಿ ನೋಡಿ ಆಸೆಪಡಬೇಡಿ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ, ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಜನ ಕಿಕ್ಕಿರಿದು ಬರುತ್ತಾರೆ, ನಿಜ. ಅವರು ಬರುವುದು ಹರಕೆ ತೀರಿಸಲು. ಮೇಣದಬತ್ತಿ, ಜಪಸರ, ಸಣ್ಣ ಪ್ರತಿಮೆ ಕೊಳ್ಳುತ್ತಾರೆ. ನಾಲ್ಕು ಸಾವಿರದ ಜಲವರ್ಣವನ್ನು ನೂಕುನುಗ್ಗಲಿನಲ್ಲಿ ಯಾರೂ ಕಂಕುಳಲ್ಲಿಟ್ಟುಕೊಂಡು ಹೋಗುವುದಿಲ್ಲ. ತಪಸ್ಸುಕಾಲದಲ್ಲಿ ಮಾರಾಟ ಮಾಡುವುದಾದರೆ ಶಿಲುಬೆಹಾದಿಯ 14 ಚಿತ್ರಗಳಿಗೆ ಬೇಡಿಕೆಯಿದೆ, ಹೊಸ ಚರ್ಚು ಕಟ್ಟಿದವರು ಹುಡುಕಿಕೊಂಡು ಬರುತ್ತಾರೆ. ಆ 14ನ್ನು ಬಿಡಿಬಿಡಿಯಾಗಿ ಮಾತ್ರ ಮಾರಬೇಡಿ. ವೆರೋನಿಕಾ ಮುಖ ಒರೆಸುವ ಆರನೆಯ ಸ್ಥಳ ಮೊದಲು ಹೋಗುತ್ತದೆ, ಉಳಿದ 13 ನಿಮ್ಮ ಅಟ್ಟ ಸೇರುತ್ತವೆ.

ಜಾಗ ಸಭಾಂಗಣವೇ ಆಗಲಿ, ಚರ್ಚಿನ ಒಳಗೆ ಬೇಡ. ಕಥೊಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1210ನೆಯ ವಿಧಿಯ ಪ್ರಕಾರ ಪವಿತ್ರ ಸ್ಥಳದಲ್ಲಿ ಆರಾಧನೆ, ಭಕ್ತಿ, ಧರ್ಮಕ್ಕೆ ಪೂರಕವಾದುದಕ್ಕಷ್ಟೇ ಅವಕಾಶ. ಬೇರೆ ಬಳಕೆಗೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಅನುಮತಿ ಸಿಕ್ಕಿದರೂ, ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಉರುಳಿಸಿದ ಪ್ರಸಂಗವನ್ನು ನೆನಪಿಸುವವರೊಬ್ಬರು ಬಂದೇ ಬರುತ್ತಾರೆ. ಕೆಲವು ಪ್ರೊಟೆಸ್ಟೆಂಟ್ ಸಭೆಗಳು ಭಾನುವಾರದ ಮಾರಾಟವನ್ನೇ ಒಪ್ಪುವುದಿಲ್ಲ. ಅಲ್ಲಿ ಶನಿವಾರ ಮಾರಿ, ಭಾನುವಾರ ಬರೀ ತೋರಿಸಿ. ಸಭಾಪಾಲಕರನ್ನು ಮೊದಲೇ ಕೇಳಿ, ಬ್ಯಾನರ್ ಕಟ್ಟಿದ ಮೇಲಲ್ಲ. ಎಲ್ಲ ಸಭೆಗಳ ಜನರೂ ಬರಲಿ ಎಂದಿದ್ದರೆ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಗ್ಯಾಲರಿಯಂಥ ಜಾಗ ಉತ್ತಮ, ಆದರೆ ಅಲ್ಲಿ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು.

ಇಡುವುದು, ಇಡಬಾರದ್ದು

ಕೃತಿಗಳನ್ನು ಆರಿಸಲು ಗುಂಪಿನ ಹೊರಗಿನ ಒಬ್ಬರನ್ನು ಕರೆಯಿರಿ. ಒಳಗಿನವರೇ ಆರಿಸಿದರೆ ಎಲ್ಲರ ಎಲ್ಲ ಚಿತ್ರಗಳೂ ಗೋಡೆ ಏರುತ್ತವೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145–150 ಸೆಂ.ಮೀ. ಎತ್ತರಕ್ಕೆ ಬರಲಿ. ಸಭಾಂಗಣದ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ, ಶಾಮಿಯಾನದವರ ಹತ್ತಿರ ಬಾಡಿಗೆಗೆ ಕಬ್ಬಿಣದ ಜಾಲರಿ ಚೌಕಟ್ಟು ಸಿಗುತ್ತದೆಯೇ ವಿಚಾರಿಸಿ. ಜಲವರ್ಣಕ್ಕೆ ಗಾಜು ತಾಗದಂತೆ ಮೌಂಟ್ ಹಾಕಿಸಿ. ಕರಾವಳಿಯಲ್ಲಂತೂ ಗಾಜಿಗೆ ಅಂಟಿದ ಕಾಗದಕ್ಕೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಕೊಂಡವರು ಫೋನು ಮಾಡುವುದು ನಿಮಗೇ. ಪ್ರತಿ ಚಿತ್ರದ ಕೆಳಗೆ ಹೆಸರು, ಮಾಧ್ಯಮ, ಅಳತೆ, ವರ್ಷ, ಬೆಲೆ ಕನ್ನಡದಲ್ಲಿರಲಿ. ಬೆಲೆ ಬರೆಯದೆ ಬಿಟ್ಟರೆ ನಮ್ಮ ಜನ ಕೇಳಲು ಸಂಕೋಚಪಟ್ಟು ಕಾಫಿ ಕುಡಿದು ಹೊರಟುಬಿಡುತ್ತಾರೆ.

ಮಾರುವ ಮೊದಲು ಶಿಲುಬೆ, ಪ್ರತಿಮೆಗಳನ್ನು ಫಾದರ್ ಹತ್ತಿರ ಮಂತ್ರಿಸಿ ಇಡಬೇಡಿ. ಆಶೀರ್ವಾದಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ಕೊಂಡವರು ಆಮೇಲೆ ತಮ್ಮ ಧರ್ಮಕೇಂದ್ರದಲ್ಲಿ ಮಂತ್ರಿಸಿಕೊಳ್ಳಲಿ.

ಮನೆಯಲ್ಲಿದ್ದ ಅಜ್ಜನ ಕಾಲದ ಮರದ ಸಂತರು, ದಂತದ ಶಿಲುಬೆಯನ್ನು ‘ಇದನ್ನೂ ಇಟ್ಟುಬಿಡಿ’ ಎಂದು ತಂದುಕೊಡುವವರಿದ್ದಾರೆ. ಇಡಬೇಡಿ. ನೂರು ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯಿದೆಯಡಿ ಪರವಾನಗಿ ಬೇಕು. ದಂತದ ಮಾರಾಟವನ್ನು ವನ್ಯಜೀವಿ ಕಾಯಿದೆ ನಿಷೇಧಿಸಿದೆ. ಪುಣ್ಯಕಾರ್ಯಕ್ಕೆ ಮಾರಿದೆವು ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ಹಣದ ಬಗ್ಗೆ ಒಂದೇ ಮಾತು. ಯುಪಿಐ ಕೋಡ್ ಚರ್ಚಿನ ಖಾತೆಯದ್ದಾಗಬಾರದು. ಗುಂಪಿನ ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ತೆರೆಯಿರಿ. ಕಟ್ಟಡ ನಿಧಿಗೆ ಇಷ್ಟು ಶೇಕಡ ಎಂದು ಒಪ್ಪಿದ್ದರೆ ಅದನ್ನು ಬಾಗಿಲಲ್ಲೇ ಬರೆದು ಹಾಕಿ. ಇಲ್ಲವಾದರೆ ಕೊಳ್ಳುವವರಿಗೆ ಎಲ್ಲವೂ ದಾನ ಅನ್ನಿಸಿ, ದಾನಕ್ಕೇಕೆ ಅಷ್ಟು ದುಡ್ಡು ಎಂದು ಚೌಕಾಶಿಗೆ ಇಳಿಯುತ್ತಾರೆ. ಖಾಸಗಿ ಗ್ಯಾಲರಿಗಳು ಸಾಮಾನ್ಯವಾಗಿ 30ರಿಂದ 50 ಶೇಕಡ ಕಮಿಷನ್ ಹಿಡಿಯುತ್ತವೆ. ಗುಂಪಿನ ಖರ್ಚಿಗೆ ನೀವು 15 ಹಿಡಿದರೆ ಕಲಾವಿದರು ಗೊಣಗಬೇಕಾಗಿಲ್ಲ.

ಮಾರಿದ್ದು ಚಿತ್ರ, ಅಚ್ಚಿನ ಹಕ್ಕಲ್ಲ

ಇಷ್ಟು ಹೇಳಲು ಹೊರಟದ್ದೇ ಇದಕ್ಕಾಗಿ. ಒಂದು ಧರ್ಮಕೇಂದ್ರದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ನನ್ನ ಕೈಗೆ ಬಂದಿತ್ತು. ಮುಖಪುಟದಲ್ಲಿ ಕೆರೆಯ ಏರಿಯ ಮೇಲೆ ಕೂತ ಯೇಸು, ಸುತ್ತ ಹೆಗಲಿಗೆ ಬಲೆ ಹಾಕಿಕೊಂಡ ಬೆಸ್ತರು. ನನಗೆ ಪರಿಚಯದ ಕಲಾವಿದರೊಬ್ಬರ ಕೃತಿ. ಬಲಕ್ಕಿದ್ದ ಇಬ್ಬರು ಬೆಸ್ತರನ್ನು ಕತ್ತರಿಸಿ, ಆ ಜಾಗದಲ್ಲಿ ಪ್ರಾಯೋಜಕರ ಲಾಂಛನ ಕೂರಿಸಿದ್ದರು. ಕಲಾವಿದರ ಸಹಿ ಇದ್ದ ಮೂಲೆಯೂ ಹೋಗಿತ್ತು. ಕೇಳಿದಾಗ ಬಂದ ಉತ್ತರ: ‘ಚಿತ್ರವನ್ನು ನಾವು ದುಡ್ಡು ಕೊಟ್ಟು ಕೊಂಡಿದ್ದೇವಲ್ಲ?’

ಆ ಉತ್ತರ ಕೊಟ್ಟವರು ಕೆಟ್ಟವರಲ್ಲ. ನಮ್ಮಲ್ಲಿ ಬಹುಪಾಲು ಜನ ನಂಬಿರುವುದೇ ಹಾಗೆ. ಕೊಂಡ ಚಿತ್ರವನ್ನು ಗೋಡೆಗೆ ಹಾಕಬಹುದು, ಮದುವೆಗೆ ಉಡುಗೊರೆ ಕೊಡಬಹುದು, ಬೇಡವೆಂದರೆ ಮಾರಲೂಬಹುದು. ಕಾರ್ಡು, ಕ್ಯಾಲೆಂಡರ್, ಗುರುದೀಕ್ಷೆಯ ಆಮಂತ್ರಣ, ವಾಟ್ಸ್ಆ್ಯಪ್ ಶುಭಾಶಯ ಎಂದು ಪ್ರತಿ ಮಾಡುವ ಹಕ್ಕು 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಲಾವಿದರಲ್ಲೇ ಉಳಿಯುತ್ತದೆ. ಆ ಹಕ್ಕನ್ನು ಬಿಟ್ಟುಕೊಡಬೇಕಾದರೆ ಬರವಣಿಗೆಯಲ್ಲೇ ಆಗಬೇಕು. ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಎಂದೂ ಕಾಯಿದೆ ಅರ್ಥ ಮಾಡುತ್ತದೆ.

ಪ್ರದರ್ಶನದ ಮೇಜಿನ ಬಳಿ ಎಲ್ಲರೂ ಎಡವುವುದು ಇಲ್ಲಿಯೇ. ಸಿಸ್ಟರೊಬ್ಬರು ಬಂದು, ‘ಇದೇ ಚಿತ್ರ, ನಮ್ಮ ಪ್ರಾರ್ಥನಾಲಯಕ್ಕೆ ಆರಡಿ ಅಗಲದಲ್ಲಿ ಬರೆದುಕೊಡಿ’ ಎನ್ನುತ್ತಾರೆ. ಕಲಾವಿದರು ಹಿಗ್ಗಿ ಅಡ್ವಾನ್ಸ್ ಪಡೆಯುತ್ತಾರೆ. ಆ ಕ್ಷಣಕ್ಕೆ ಲೆಕ್ಕ ತಲೆಕೆಳಗಾಗುತ್ತದೆ. ಕಾಯಿದೆಯ 17ನೆಯ ಸೆಕ್ಷನ್ ಪ್ರಕಾರ ಒಬ್ಬರು ಹೇಳಿ, ಹಣ ಕೊಟ್ಟು ಬರೆಸಿದ ಚಿತ್ರದ ಕೃತಿಸ್ವಾಮ್ಯಕ್ಕೆ ಮೊದಲ ಒಡೆಯರು ಬರೆಸಿದವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಗೋಡೆಯಲ್ಲಿ ನೇತುಹಾಕಿದ್ದನ್ನು ಮಾರಿದರೆ ಅಚ್ಚಿನ ಹಕ್ಕು ನಿಮ್ಮದು, ಆರ್ಡರ್ ಹಿಡಿದು ಬರೆದುಕೊಟ್ಟರೆ ಅವರದು! ಆ ಸಾಲಿನಲ್ಲಿ ಚಿತ್ರ, ಭಾವಚಿತ್ರ, ಕೆತ್ತಚ್ಚುಗಳ ಹೆಸರಿದೆ, ಶಿಲ್ಪದ ಹೆಸರಿಲ್ಲ. ಹಾಗಾಗಿ ಶಿಲುಬೆ ಕೆತ್ತುವವರ ಪಾಡು ಬೇರೆ, ಕ್ಯಾನ್ವಾಸಿನವರ ಪಾಡು ಬೇರೆ.

ಪರಿಹಾರ ಕಷ್ಟದ್ದಲ್ಲ. ಬಿಲ್ ಪುಸ್ತಕ ಅಚ್ಚು ಹಾಕಿಸುವಾಗಲೇ ಕೆಳಗೆ ಹೀಗೆ ಸೇರಿಸಿ: ‘ಈ ಬಿಲ್ಲಿನ ಮೂಲಕ ಮಾರಾಟವಾಗಿರುವುದು ಮೂಲ ಕೃತಿ ಮಾತ್ರ. ಮುದ್ರಣ ಹಾಗೂ ಡಿಜಿಟಲ್ ಬಳಕೆಯ ಹಕ್ಕು ಕಲಾವಿದರದ್ದು.’ ಆರ್ಡರ್ ಹಿಡಿಯುವ ಪುಸ್ತಕದಲ್ಲಿ ಇನ್ನೊಂದು ಸಾಲು: ‘ಬರೆಸಿದವರ ಕೋರಿಕೆಯ ಮೇರೆಗೆ ರಚಿಸಿದ ಕೃತಿಯಾದರೂ ಇದರ ಕೃತಿಸ್ವಾಮ್ಯ ಕಲಾವಿದರಲ್ಲೇ ಇರಲು ಉಭಯರೂ ಒಪ್ಪಿದ್ದಾರೆ.’ ಇಬ್ಬರ ಸಹಿ, ತಾರೀಕು. ಅಡ್ವಾನ್ಸ್ ಮುಟ್ಟುವ ಮೊದಲು ಸಹಿ ಆಗಬೇಕು. ಕೆಲಸ ಮುಗಿದ ಮೇಲೆ ಸಹಿ ಕೇಳಿದರೆ, ‘ಏನಿದು ಫಾದರ್, ನಮ್ಮ ಮೇಲೆ ನಂಬಿಕೆ ಇಲ್ಲವಂತೆ’ ಎಂಬ ದೂರು ಪಾಲನಾ ಸಮಿತಿಯ ತನಕ ಹೋಗುತ್ತದೆ.

ಯಾರಾದರೂ ಕಾರ್ಡಿಗೆ ಚಿತ್ರ ಬೇಕೆಂದರೆ ಕೊಡಿ, ಧಾರಾಳವಾಗಿ ಕೊಡಿ. ಎಷ್ಟು ಪ್ರತಿ, ಯಾವ ವರ್ಷಕ್ಕೆ, ಎಷ್ಟು ಸಂಭಾವನೆ, ಕಲಾವಿದರ ಹೆಸರು ಎಲ್ಲಿ ಅಚ್ಚಾಗಬೇಕು, ಕತ್ತರಿಸಬಹುದೇ ಕೂಡದೇ, ಇಷ್ಟನ್ನು ಬರೆಯಿರಿ. ಸಂಭಾವನೆ ಸೊನ್ನೆ ಎಂದೇ ಬರೆದರೂ ಅಡ್ಡಿಯಿಲ್ಲ, ಬರೆಯುವುದು ಮುಖ್ಯ.

ಗೋಡೆಚಿತ್ರ ಮಾಡುವವರಿಗೆ ಇನ್ನೊಂದು ವಿಷಯ. ಹೊಸ ಫಾದರ್ ಬಂದರೆ ಚರ್ಚಿನಲ್ಲಿ ಮೊದಲು ಬದಲಾಗುವುದು ಗೋಡೆಯ ಬಣ್ಣ ಎಂಬುದು ನನ್ನ ಅನುಭವ. ಮಾರಿದ ಮೇಲೂ ತನ್ನ ಕೃತಿಯನ್ನು ಗೌರವಕ್ಕೆ ಕುಂದಾಗುವಂತೆ ವಿರೂಪಗೊಳಿಸದಂತೆ ತಡೆಯುವ ಹಕ್ಕು 57ನೆಯ ಸೆಕ್ಷನ್ನಿನಡಿ ಕಲಾವಿದರಿಗಿದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳುಮಾಡಿದ ಭಿತ್ತಿಶಿಲ್ಪಕ್ಕಾಗಿ ಅಮರನಾಥ ಸೆಹಗಲ್ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಸರ್ಕಾರಕ್ಕೆ ಆದೇಶಿಸಿತು. ಚರ್ಚಿನ ಮೇಲೆ ದಾವೆ ಹೂಡಿ ಎಂದು ನಾನು ಹೇಳುತ್ತಿಲ್ಲ. ಬಣ್ಣ ಬಳಿಯುವ ಮೊದಲು ಕಲಾವಿದರಿಗೆ ತಿಳಿಸುವುದು ಎಂಬ ಷರತ್ತನ್ನು ಒಪ್ಪಂದದಲ್ಲಿ ಹಾಕಿಸಿಕೊಳ್ಳಿ, ಸಾಕು.

ನಮ್ಮ ಕೈಯೂ ಶುದ್ಧವಾಗಿರಬೇಕಲ್ಲ. ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಫೊನ್ಸೆಕರ ಚಿತ್ರಗಳಿಗೆ 2027ರ ಕೊನೆಯವರೆಗೂ ಅದು ಇದೆ, ಅವರ ಸೀರೆಯ ಮರಿಯಮ್ಮನನ್ನು ನಕಲು ಮಾಡಿ ಮಾರುವಂತಿಲ್ಲ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ ಆಂತೋನಿಯೊ ಮೊಸ್ಕೆನಿ 1905ರಲ್ಲೇ ತೀರಿಕೊಂಡರು. ಅವರ ಚಿತ್ರಗಳನ್ನು ನೋಡಿ ಬರೆಯಲು ಅಡ್ಡಿಯಿಲ್ಲ, ಆದರೆ ಅವುಗಳ ಫೋಟೊ ಬೇರೊಬ್ಬರು ತೆಗೆದದ್ದಾದರೆ ಆ ಫೋಟೊವನ್ನೇ ಎತ್ತಿ ಕಾರ್ಡು ಮಾಡುವಂತಿಲ್ಲ. ಬೈಬಲ್ ವಚನಗಳನ್ನು ಸುಂದರ ಅಕ್ಷರಗಳಲ್ಲಿ ಬರೆದು ಮಾರುವವರೂ ಹೊಸ ಅನುವಾದಗಳಾದರೆ ಪ್ರಕಾಶಕರ ಅನುಮತಿ ಕೇಳಿ.

ಮಾರಾಟದ ದಿನ

ಜಾಗ ಕಡಿಮೆ ಉಳಿದಿದೆ, ಚುಟುಕಾಗಿ ಹೇಳುತ್ತೇನೆ. ಪೂಜೆ ಬಿಟ್ಟ ಮೇಲಿನ ಅರ್ಧ ಗಂಟೆಯೇ ನಿಜವಾದ ಮಾರಾಟದ ಹೊತ್ತು, ಆಗ ಬಿಲ್ ಬರೆಯಲು ಇಬ್ಬರಿರಲಿ, ಕಲಾವಿದರು ತಮ್ಮ ಚಿತ್ರದ ಹತ್ತಿರ ನಿಂತಿರಲಿ. ಮಾರಾಟವಾದದ್ದಕ್ಕೆ ಕೆಂಪು ಚುಕ್ಕಿ ಅಂಟಿಸಿ, ಪೂರ್ತಿ ಹಣ ಬಂದ ಮೇಲೆ ಮಾತ್ರ. ‘ಕಾದಿರಿಸಿ’ ಎಂದವರ ಹೆಸರು, ಫೋನ್ ನಂಬರ್ ಬರೆದು ಸಂಜೆ ಐದರ ಗಡುವು ಕೊಡಿ. ಚಿತ್ರಗಳನ್ನು ಕೊನೆಯ ದಿನ ಸಂಜೆಯೇ ಕೊಡುವುದು, ನಡುವೆ ಗೋಡೆ ಬೋಳಾಗಬಾರದು. ದೂರ ಹೋಗುವುದಾದರೆ ಗಾಜು ತೆಗೆದು ಕಳಿಸಿ, ಕೊಂಡವರು ಅಲ್ಲೇ ಹಾಕಿಸಿಕೊಳ್ಳಲಿ. ವಾರ್ಷಿಕ ಮಾರಾಟ 40 ಲಕ್ಷ ದಾಟದ ಸಣ್ಣ ಕಲಾವಿದರಿಗೆ ರಾಜ್ಯದೊಳಗಿನ ಮಾರಾಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಹೋಗಿ ಮಾರುವವರು ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. ಕಲಾವಿದರ ಪಾಲನ್ನು ಹದಿನೈದು ದಿನದೊಳಗೆ ಬ್ಯಾಂಕಿಗೆ ಹಾಕಿ, ಮಾರಾಟವಾಗದ ಚಿತ್ರಗಳನ್ನು ಪಟ್ಟಿಗೆ ಸಹಿ ಪಡೆದು ಹಿಂದಿರುಗಿಸಿ. ಬಿಲ್ಲಿನ ನಕಲು ಪ್ರತಿಗಳನ್ನು ಒಬ್ಬರೇ ಜೋಪಾನವಾಗಿ ಇಟ್ಟುಕೊಳ್ಳಲಿ, ಯಾರೆಂದು ಉದ್ಘಾಟನೆಗೆ ಮೊದಲೇ ತೀರ್ಮಾನವಾಗಲಿ.