ಲೈಡಾರ್ ಕೊಳ್ಳುವ ಮುನ್ನ

ತಾನೇ ಓಡುವ ಪುಟ್ಟ ಕಾರಿನ ಪ್ರಾಜೆಕ್ಟ್ ಹಿಡಿದಿರುವ ಮಕ್ಕಳೇ, ನಿಮ್ಮ ಮೊದಲ ಪ್ರಶ್ನೆ ಸಾಮಾನ್ಯವಾಗಿ ಯಾವ ಲೈಡಾರ್, ಅಂದರೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್, ಕೊಳ್ಳಬೇಕು ಎಂಬುದು. ಅದಕ್ಕೆ ಅವಸರ ಬೇಡ. ಚಕ್ರದ ಸುತ್ತು ಎಣಿಸುವ ಎನ್‌ಕೋಡರ್, ತಿರುವು ಅಳೆಯುವ ಜೈರೊ, ಇವೆರಡರಿಂದಲೇ ಕಾರು ತಾನೆಲ್ಲಿದ್ದೇನೆಂದು ಅಂದಾಜು ಮಾಡಬಲ್ಲದು. ಆದರೆ ದಿಕ್ಕು ಒಂದೇ ಡಿಗ್ರಿ ತಪ್ಪಿದರೂ 10 ಮೀಟರ್ ಹೋಗುವಷ್ಟರಲ್ಲಿ ಕಾರು 17 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ನುಣುಪು ನೆಲದಲ್ಲಿ ಚಕ್ರ ಜಾರಿತೋ, ದೂರದ ಲೆಕ್ಕವೂ ಕೆಟ್ಟಿತು. ತೀರಿಸದ ಸಾಲದ ಬಡ್ಡಿಯಂತೆ ಈ ತಪ್ಪು ಬೆಳೆಯುತ್ತಲೇ ಹೋಗುತ್ತದೆ.

ಜಿಪಿಎಸ್ ಇದೆಯಲ್ಲ ಎನ್ನಬೇಡಿ. ಸಾಮಾನ್ಯ ಜಿಪಿಎಸ್ ಬಯಲಲ್ಲೂ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ನಿಮ್ಮ ಕಾರಿನ ಉದ್ದವೇ ಅರ್ಧ ಮೀಟರ್.

ಎಲ್ಲ ಸೆನ್ಸರಿಗೂ ಅದರದೇ ಕುರುಡು ಉಂಟು. ಲೈಡಾರಿನ ಬೆಳಕು ಗಾಜಿನ ಬಾಗಿಲನ್ನು ದಾಟಿಹೋಗುತ್ತದೆ. ಅಲ್ಟ್ರಾಸೋನಿಕ್ ಸೆನ್ಸರ್ ಗಾಜನ್ನು ಹಿಡಿಯುತ್ತದೆ, ಆದರೆ ದಪ್ಪ ಪರದೆ ಅದರ ಸದ್ದನ್ನು ನುಂಗಿಬಿಡುತ್ತದೆ. ಇನ್ನೊಂದು ವಿಷಯ ಹಲವರ ಗಮನಕ್ಕೇ ಬರುವುದಿಲ್ಲ: ಸದ್ದಿನ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್, ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಸುಮಾರು 355. ಕೋಡಿನಲ್ಲಿ 343 ಎಂದೇ ಬರೆದಿಟ್ಟರೆ ಎರಡು ಮೀಟರಿಗೆ ಆರೇಳು ಸೆಂಟಿಮೀಟರ್ ತಪ್ಪು ಬರುತ್ತದೆ.

2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ವಾಹನಗಳಿಗಾಗಿ ನಡೆದ ಡಾರ್ಪಾ ಸ್ಪರ್ಧೆಯಲ್ಲಿ ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಮರುವರ್ಷ 212 ಕಿಲೋಮೀಟರ್ ಓಡಿ ಗೆದ್ದದ್ದು ಸ್ಟ್ಯಾನ್‌ಫರ್ಡ್‌ನ ‘ಸ್ಟ್ಯಾನ್ಲಿ’. ಹತ್ತಿರದ ರಸ್ತೆ ಸಮತಟ್ಟಾಗಿದೆಯೇ ಎಂದು ಅದರ ಲೇಸರ್ ಅಳೆಯುತ್ತಿತ್ತು. ಅದೇ ರಸ್ತೆಯ ಬಣ್ಣವನ್ನು ಕಲಿತು ಕ್ಯಾಮೆರಾ ಇನ್ನೂ ಮುಂದಿನ ದಾರಿಯನ್ನು ಗುರುತಿಸುತ್ತಿತ್ತು. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಜೋಡಿಸಿದ ಆ ಬುದ್ಧಿಯನ್ನು ನಾನು ಈಗಲೂ ಮೆಚ್ಚುತ್ತೇನೆ.

ಹೀಗೆ ಜೋಡಿಸಲು ನೀವು ಬಳಸುವುದು 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ ಫಿಲ್ಟರ್. ಯಾವ ಸೆನ್ಸರ್ ಎಷ್ಟು ತಪ್ಪುತ್ತದೆ ಎಂದು ಅದಕ್ಕೆ ನೀವೇ ಹೇಳಿಕೊಡಬೇಕು. ಆ ಸಂಖ್ಯೆಯನ್ನು ಬೇರೆಯವರ ಕೋಡಿನಿಂದ ನಕಲು ಮಾಡಬೇಡಿ. ಅವರ ಕಾರು ಬೇರೆ, ನೆಲವೂ ಬೇರೆ. ಕಾಲೇಜಿನ ಕಾರಿಡಾರಿನಲ್ಲಿ 10 ಮೀಟರ್ ಗೆರೆ ಎಳೆದು, ಕಾರನ್ನು ಮತ್ತೆ ಮತ್ತೆ ಓಡಿಸಿ, ನಿಂತ ಜಾಗವನ್ನು ಪ್ರತಿಸಲವೂ ಟೇಪಿನಲ್ಲಿ ಅಳೆದು ಬರೆದಿಡಿ. ಲೈಡಾರ್ ಕೊಳ್ಳುವ ಮಾತು ಆಮೇಲೆ ಆಡೋಣ.