ಸಂಜೆಯಾದರೆ ತಂಗಿಗೆ ಯಾಕೆ ಕಾಣುತ್ತಿರಲಿಲ್ಲ?



ಹೋದ ವರ್ಷ ನನ್ನ ನಾಲ್ಕು ವರ್ಷದ ತಂಗಿ ದೀಪ ಹಚ್ಚೋ ಹೊತ್ತಿಗೆ ಹೊಸ್ತಿಲು ಎಡವಿ ಬೀಳೋಳು. ತಟ್ಟೆಯಲ್ಲಿರೋ ಮುದ್ದೆಯನ್ನು ತಡಕಾಡೋಳು. ಹಗಲಲ್ಲಿ ಮಾತ್ರ ನೆಲಕ್ಕೆ ಬಿದ್ದ ಸೂಜಿಯನ್ನೂ ಹುಡುಕಿ ಕೊಡೋಳು. "ಬೇಕಂತಲೇ ಆಟ ಕಟ್ತಾಳೆ" ಅಂದರು ಅಜ್ಜಿ. ಒಂದು ಸಂಜೆ ಅವಳು ಹಾಲಿನ ಚೊಂಬು ಉರುಳಿಸಿದಾಗ ನಾನೂ "ಕಣ್ಣು ಕಾಣಲ್ವೇನೇ ನಿಂಗೆ?" ಎಂದು ಗದರಿಸಿ ಒಂದೇಟು ಕೊಟ್ಟೆ. ವಿಷಯ ತಿಳಿದ ಆಶಾ ಅಕ್ಕ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. "ಮಗುವಿಗೆ ನಿಜವಾಗಿಯೂ ಕಾಣ್ತಿಲ್ಲ, ಇದು ಇರುಳುಗುರುಡು" ಎಂದರು ಡಾಕ್ಟರು. ಹಗಲು ಕಾಣುವ ಕಣ್ಣು ಸಂಜೆಗೆ ಯಾಕೆ ಕಾಣುವುದಿಲ್ಲ? ವಿಜ್ಞಾನದ ಮೇಷ್ಟ್ರನ್ನು ಕೇಳಿ, ಪುಸ್ತಕ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕಣ್ಣಿನೊಳಗೆ ಏನಿದೆ?

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಎಂಬ ತೆಳುವಾದ ಪದರವಿದೆ. ಅದರಲ್ಲಿ ಬೆಳಕು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಸುಮಾರು 60 ಲಕ್ಷ. ಇವು ಹಗಲಿಗೆ ಮತ್ತು ಬಣ್ಣಕ್ಕೆ. ದಂಡಕೋಶಗಳು ಸುಮಾರು 12 ಕೋಟಿ. ಇವು ಮಬ್ಬು ಬೆಳಕಿಗೆ. ದಂಡಕೋಶದೊಳಗೆ ನಾಣ್ಯ ಪೇರಿಸಿಟ್ಟ ಹಾಗೆ ನೂರಾರು ಬಿಲ್ಲೆಗಳಿವೆ. ಬಿಲ್ಲೆಯ ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನೇ ರೊಡಾಪ್ಸಿನ್.

ರೊಡಾಪ್ಸಿನ್ 348 ಅಮೈನೋ ಆಮ್ಲಗಳ ಸರ. ಕೌದಿ ಹೊಲಿಯುವ ದಾರದಂತೆ ಪೊರೆಯನ್ನು 7 ಸಲ ದಾಟುತ್ತದೆ. ಅದರ ನಡುವೆ ರೆಟಿನಾಲ್ ಎಂಬ ಸಣ್ಣ ಅಣು ಕೂತಿದೆ. ಇದು ತಯಾರಾಗುವುದು ಎ ವಿಟಮಿನ್‌ನಿಂದ! ಕತ್ತಲಲ್ಲಿ ಇದು ಬಾಗಿರುತ್ತದೆ. ಬೆಳಕಿನ ಒಂದು ಕಣ, ಅಂದರೆ ಒಂದು ಫೋಟಾನ್ ತಗುಲಿದರೆ ಸಾಕು, ನೆಟ್ಟಗಾಗುತ್ತದೆ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ, ಅದರ ಒಂದು ಪಾಲಿನೊಳಗೇ ಈ ಕೆಲಸ ಮುಗಿಯುತ್ತದೆ. ಆಗ ಸುತ್ತಲಿನ ಪ್ರೋಟೀನೂ ಆಕಾರ ಬದಲಿಸುತ್ತದೆ.

ತೂಬು ಮುಚ್ಚುವ ಬೆಳಕು

ದಂಡಕೋಶದ ಹೊರಪೊರೆಯಲ್ಲಿ ನಮ್ಮ ಕೆರೆಯ ತೂಬಿನಂಥ ದಾರಿಗಳಿವೆ. ಕತ್ತಲಲ್ಲಿ ಅವು ತೆರೆದಿದ್ದು, ಸೋಡಿಯಂ ಅಯಾನುಗಳು ಒಳಕ್ಕೆ ಹರಿಯುತ್ತಿರುತ್ತವೆ. ತೂಬನ್ನು ತೆರೆದು ಹಿಡಿಯುವುದು ಸಿಜಿಎಂಪಿ ಎಂಬ ಅಣು. ಬೆಳಕು ತಗುಲಿದ ರೊಡಾಪ್ಸಿನ್ ಪಕ್ಕದ ಟ್ರಾನ್ಸ್‌ಡ್ಯೂಸಿನ್ ಪ್ರೋಟೀನುಗಳನ್ನು ಎಬ್ಬಿಸುತ್ತದೆ. ಅವು ಒಂದು ಕಿಣ್ವವನ್ನು ಎಬ್ಬಿಸುತ್ತವೆ. ಆ ಕಿಣ್ವ ಸಿಜಿಎಂಪಿಯನ್ನು ಒಡೆಯುತ್ತದೆ. ತೂಬುಗಳು ಮುಚ್ಚುತ್ತವೆ. ಕೋಶದ ವಿದ್ಯುತ್ ಬದಲಾಗಿ, ಸುದ್ದಿ ಮೆದುಳಿಗೆ ಹೋಗುತ್ತದೆ. ಬೆಳಕು ತೂಬನ್ನು ತೆರೆಯುವುದಿಲ್ಲ, ಮುಚ್ಚುತ್ತದೆ ಎಂಬುದೇ ಆಶ್ಚರ್ಯ!

ನೆಟ್ಟಗಾದ ರೆಟಿನಾಲ್ ಪ್ರೋಟೀನನ್ನು ಬಿಟ್ಟು ಹೊರಬರುತ್ತದೆ. ಪಕ್ಕದ ಪದರದ ಕೋಶಗಳಲ್ಲಿ ಮತ್ತೆ ಬಾಗಿ ಹಿಂದಿರುಗಬೇಕು. ಬಿಸಿಲಿನಿಂದ ಕತ್ತಲ ಕೋಣೆಗೆ ಬಂದರೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಹಿಡಿಯುವುದು ಇದಕ್ಕೇ. ಮೈಯಲ್ಲಿ ಎ ವಿಟಮಿನ್ ಇಲ್ಲದಿದ್ದರೆ ರೆಟಿನಾಲ್ ಎಲ್ಲಿಂದ ಬರಬೇಕು? ಮೊದಲು ಸೋಲುವುದು ದಂಡಕೋಶಗಳೇ. ನನ್ನ ತಂಗಿಗೆ ಆದದ್ದು ಇದೇ.

ಕಂಡುಹಿಡಿದವರು

1876ರಲ್ಲಿ ಫ್ರಾಂಜ್ ಬೋಲ್ ಎಂಬವರು ಕಪ್ಪೆಯ ಅಕ್ಷಿಪಟಲದ ಕೆಂಪು ಬಣ್ಣ ಬೆಳಕಿನಲ್ಲಿ ಮಾಸುವುದನ್ನು ಕಂಡರು. ಅಕ್ಷಿಪಟಲದಲ್ಲಿ ಎ ವಿಟಮಿನ್ ಇದೆ ಎಂದು 1933ರಲ್ಲಿ ತೋರಿಸಿದ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಬಹುಮಾನ ಬಂತು.

ಮಾಡಿ ನೋಡಿ

ರಾತ್ರಿ ಒಂದು ಮಂಕಾದ ನಕ್ಷತ್ರವನ್ನು ನೇರವಾಗಿ ನೋಡಿ. ಅದು ಮಾಯವಾಗುತ್ತದೆ! ಅದರ ಸ್ವಲ್ಪ ಪಕ್ಕಕ್ಕೆ ನೋಡಿ. ಮತ್ತೆ ಕಾಣುತ್ತದೆ. ಏಕೆಂದರೆ ಅಕ್ಷಿಪಟಲದ ನಟ್ಟನಡುವೆ ದಂಡಕೋಶಗಳಿಲ್ಲ.

ನೆನಪಿಡಿ

1. ಹಾಲು, ಮೊಟ್ಟೆ, ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯಿ, ಮಾವಿನಹಣ್ಣು ತಿನ್ನಿ. ಸೊಪ್ಪಿಗೆ ಸ್ವಲ್ಪ ಎಣ್ಣೆಯ ಒಗ್ಗರಣೆ ಇದ್ದರೆ ಈ ವಿಟಮಿನ್ ಮೈಗೆ ಚೆನ್ನಾಗಿ ಸೇರುತ್ತದೆ.
2. 9 ತಿಂಗಳಿನಿಂದ 5 ವರ್ಷದವರೆಗಿನ ಮಕ್ಕಳಿಗೆ 6 ತಿಂಗಳಿಗೊಮ್ಮೆ ಎ ವಿಟಮಿನ್ ದ್ರಾವಣ ಕುಡಿಸುತ್ತಾರೆ. ತಪ್ಪಿಸಬೇಡಿ. ಆದರೆ ನೀವಾಗಿಯೇ ಹೆಚ್ಚು ಕುಡಿಸಬೇಡಿ, ಅತಿಯಾದರೆ ಅಪಾಯ.
3. ಎಲ್ಲಾ ಇರುಳುಗುರುಡೂ ಒಂದೇ ಅಲ್ಲ. ಕೆಲವರಿಗೆ ಹುಟ್ಟಿನಿಂದಲೇ ರೊಡಾಪ್ಸಿನ್ ತಯಾರಿಸುವ ಜೀನಿನಲ್ಲಿ ದೋಷ ಇರಬಹುದು. ಅದನ್ನು ಸೊಪ್ಪು ವಾಸಿ ಮಾಡದು. ಆದ್ದರಿಂದ ಮೊದಲು ಡಾಕ್ಟರಿಗೆ ತೋರಿಸಿ.

ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ನನ್ನ ತಂಗಿ ಸಂಜೆಯೂ ಅಂಗಳದಲ್ಲಿ ಓಡಾಡತೊಡಗಿದಳು. ಈಗ ಕತ್ತಲಾದ ಮೇಲೆ ಕಣ್ಣಾಮುಚ್ಚಾಲೆ ಆಡಿದರೆ ನನ್ನನ್ನೇ ಮೊದಲು ಹಿಡೀತಾಳೆ. ಆ ದಿನ ಹೊಡೆದದ್ದಕ್ಕೆ ನನಗೆ ಇನ್ನೂ ಬೇಜಾರಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಸಣ್ಣ ಮಕ್ಕಳು ಸಂಜೆ ಹೊತ್ತು ಎಡವಿದರೆ ಬೈಯಬೇಡಿ. "ಕಣ್ಣು ಕಾಣ್ತಿದೆಯಾ?" ಅಂತ ಪ್ರೀತಿಯಿಂದ ಕೇಳಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ