ವಾಹನದ ಸಣ್ಣ ಬಲ್ಬುಗಳು: ಮನೆಯಲ್ಲಿಯೇ ಬದಲಿಸುವ ಬಗೆ

ಅಡಿಕೆ ಕೊಯ್ಲು ಪ್ರಾರಂಭವಾದೊಡನೆ ನಮ್ಮ ಸದಸ್ಯರ ಜೀಪು, ಪಿಕಪ್, ಕಾರುಗಳ ಓಡಾಟ ಹೆಚ್ಚುತ್ತದೆ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಹಾಯುವ ಜೋಯಿಡಾ ಕಡೆಯ ರಸ್ತೆಗಳಲ್ಲಂತೂ ಅದಕ್ಕೂ ಮೊದಲೇ ಕತ್ತಲು ಕವಿದಿರುತ್ತದೆ. ಹೆಡ್‌ಲೈಟ್ ಕೆಟ್ಟರೆ ನಮಗೇ ದಾರಿ ಕಾಣದು, ಆದ್ದರಿಂದ ಅದನ್ನು ಯಾರೂ ಅಲಕ್ಷ್ಯ ಮಾಡುವುದಿಲ್ಲ. ಹಿಂಬದಿಯ ದೀಪದ ಮಾತು ಹಾಗಲ್ಲ. ಅದು ಆರಿಹೋದರೂ ಚಾಲಕನಿಗೆ ಏನೂ ತೊಂದರೆಯಿಲ್ಲ. ತೊಂದರೆಯೆಲ್ಲ ಹಿಂದೆ ಬರುವವನಿಗೆ.

ಕಳೆದ ಹಂಗಾಮಿನಲ್ಲಿ ಸದಸ್ಯರೊಬ್ಬರ ಪಿಕಪ್ ವಾಹನಕ್ಕೆ ಮುಸ್ಸಂಜೆಯ ಹೊತ್ತಿನಲ್ಲಿ ಬೈಕ್ ಸವಾರನೊಬ್ಬ ಹಿಂದಿನಿಂದ ಬಂದು ಬಡಿದ. ಆ ವಾಹನದ ಎಡಗಡೆಯ ಕೆಂಪು ದೀಪ ಉರಿಯುತ್ತಿತ್ತು, ಬಲಗಡೆಯದು ಸತ್ತಿತ್ತು. ಒಂದೇ ಕೆಂಪು ಚುಕ್ಕೆ ಕಂಡವನು ಮುಂದೆ ಹೋಗುತ್ತಿರುವುದು ಇನ್ನೊಂದು ಬೈಕೇ ಎಂದು ತಿಳಿದು ಬಲಗಡೆಯಿಂದ ದಾಟಲು ಹೋದ. ಕಾಲು ಮುರಿದು ಮೂರು ತಿಂಗಳು ಹಾಸಿಗೆ ಹಿಡಿದ. ಬಲ್ಬ್ ಹೋಗಿರುವುದು ವಾಹನದ ಯಜಮಾನರಿಗೆ ವಾರದಿಂದಲೂ ಗೊತ್ತಿತ್ತು. ಹಳಿಯಾಳಕ್ಕೆ ಹೋಗುವ ಬೇರೆ ಕೆಲಸ ಬಂದಾಗ ಮೆಕ್ಯಾನಿಕ್ ಹತ್ತಿರ ಹಾಕಿಸೋಣವೆಂದು ಇದ್ದರು. ಆ ಬಲ್ಬಿನ ಬೆಲೆ ಇಬ್ಬರ ಚಹಾ ತಿಂಡಿಯ ಖರ್ಚಿಗಿಂತ ಹೆಚ್ಚಲ್ಲ, ಹಾಕಲು ಬೇಕಾದದ್ದು ಹತ್ತು ನಿಮಿಷ. ಈ ಪಾಠವನ್ನು ಬರೆಯಲು ಇದೇ ಕಾರಣ.

ಬೇಕಾಗುವ ಸಾಮಾನು ಬಹಳವಿಲ್ಲ. ನಾಲ್ಕು ಮೂಲೆಯ ಮೊನೆಯದೊಂದು, ಚಪ್ಪಟೆ ಮೊನೆಯದೊಂದು ಸ್ಕ್ರೂ ಡ್ರೈವರ್, ಒಣ ಬಟ್ಟೆ, ನುಣುಪಾದ ಪಾಲಿಶ್ ಪೇಪರಿನ ತುಂಡು, ಸ್ವಲ್ಪ ವ್ಯಾಸಲೀನ್. ಇವುಗಳ ಜೊತೆಗೆ ಸರಿಯಾದ ಬಲ್ಬ್. ಜನ ತಪ್ಪುವುದು ಹೆಚ್ಚಾಗಿ ಈ ಕೊನೆಯದರಲ್ಲಿ.

ಬಲ್ಬಿನ ಬುಡದ ಲೋಹದ ಮೇಲೆ ಸಣ್ಣ ಅಕ್ಷರದಲ್ಲಿ ವೋಲ್ಟ್ ಮತ್ತು ವ್ಯಾಟ್ ಕೊರೆದಿರುತ್ತಾರೆ. ಕಾರು, ಜೀಪು, ಪಿಕಪ್, ಟ್ರ್ಯಾಕ್ಟರುಗಳಿಗೆ 12 ವೋಲ್ಟಿನ ಬಲ್ಬ್. ದೊಡ್ಡ ಲಾರಿ, ಬಸ್ಸುಗಳಿಗೆ 24 ವೋಲ್ಟಿನದು. ಪರಿಚಯದ ಲಾರಿಯವರಿಂದ ಒಂದು ಬಲ್ಬ್ ಕೇಳಿ ಪಡೆದು ಜೀಪಿಗೆ ಹಾಕಿದರೆ ಅದು ಮಂಕಾಗಿ, ಕೆಂಡದಂತೆ ಉರಿಯುತ್ತದೆ. ಹಾಕಿದವರಿಗೆ ಕೆಲಸವಾಯಿತೆಂದು ತೋರಿದರೂ ಐವತ್ತು ಮಾರು ದೂರಕ್ಕೆ ಅದು ಕಾಣುವುದಿಲ್ಲ. ಇನ್ನು ವ್ಯಾಟ್. ಬ್ರೇಕ್ ಲೈಟ್, ಇಂಡಿಕೇಟರ್, ರಿವರ್ಸ್ ಲೈಟುಗಳಿಗೆ ಸಾಮಾನ್ಯವಾಗಿ 21 ವ್ಯಾಟ್. ಪಾರ್ಕಿಂಗ್ ಲೈಟ್, ನಂಬರ್ ಪ್ಲೇಟ್ ಲೈಟುಗಳಿಗೆ 5 ವ್ಯಾಟ್. ಹಳೆಯ ವಾಹನಗಳಲ್ಲಿ ಎರಡಕ್ಕೂ ಒಂದೇ ಅಳತೆಯ ಬುಡ ಇರುವುದುಂಟು. ಹೋಲ್ಡರಿನಲ್ಲಿ ಕೂತಿತೆಂದು 5 ವ್ಯಾಟಿನ ಜಾಗಕ್ಕೆ 21 ವ್ಯಾಟ್ ಹಾಕಿದರೆ ಬೆಳಕಿಗಿಂತ ಬಿಸಿಯೇ ಹೆಚ್ಚಾಗಿ ಪ್ಲಾಸ್ಟಿಕ್ ಗಾಜು ಕರಗುತ್ತದೆ.

ಹಿಂಬದಿಯ ಕೆಂಪು ದೀಪದಲ್ಲಿ ಒಂದೇ ಬಲ್ಬು ಎರಡು ಕೆಲಸ ಮಾಡುವುದನ್ನು ಅನೇಕರು ಗಮನಿಸಿರುವುದಿಲ್ಲ. ಅದರೊಳಗೆ ಎರಡು ತಂತಿಗಳಿವೆ. 5 ವ್ಯಾಟಿನ ತಂತಿ ಟೇಲ್ ಲೈಟ್ ಆಗಿ ಸದಾ ಉರಿಯುತ್ತದೆ. 21 ವ್ಯಾಟಿನದು ಬ್ರೇಕ್ ತುಳಿದಾಗ ಮಾತ್ರ. ಒಂದು ತಂತಿ ಕಡಿದುಹೋಗಿ ಇನ್ನೊಂದು ಗಟ್ಟಿಯಾಗಿ ಉಳಿಯಬಹುದು. ಆದಕಾರಣ ಟೇಲ್ ಲೈಟ್ ಉರಿಯುತ್ತಿದೆಯೆಂದು ಬ್ರೇಕ್ ಲೈಟೂ ಸರಿಯಿದೆ ಎಂದು ಭಾವಿಸಬಾರದು. ಇದಕ್ಕೆ ಅಂಗಡಿಯಲ್ಲಿ ಡಬಲ್ ಫಿಲಮೆಂಟ್ ಬಲ್ಬ್ ಎಂದು ಕೇಳಬೇಕು. ಇದರ ಬುಡದ ಎರಡು ಮೊಳೆಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇರುತ್ತದೆ. ಬಲ್ಬ್ ತಿರುವುಮುರುವಾಗಿ ಕೂರಬಾರದೆಂದೇ ತಯಾರಕರು ಹೀಗೆ ಮಾಡಿದ್ದಾರೆ. ಬಲವಂತದಿಂದ ಒತ್ತಿ ಉಲ್ಟಾ ಕೂರಿಸಿದರೆ ಟೇಲ್ ಲೈಟ್ ಪ್ರಖರವಾಗಿ, ಬ್ರೇಕ್ ಲೈಟ್ ಮಂಕಾಗಿ, ಹಿಂದಿನವನಿಗೆ ದಿಕ್ಕು ತಪ್ಪುತ್ತದೆ.

ಬದಲಿಸುವ ಕ್ರಮ ಹೀಗೆ. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಆಗ ತಾನೇ ಉರಿದ ಬಲ್ಬ್ ಬೆರಳು ಸುಡುತ್ತದೆ, ಐದು ನಿಮಿಷ ಬಿಡಬೇಕು. ಹಳೆಯ ಜೀಪು, ಪಿಕಪ್‌ಗಳಲ್ಲಿ ಕೆಂಪು ಗಾಜಿನ ಸ್ಕ್ರೂಗಳು ಹೊರಗೇ ಕಾಣುತ್ತವೆ. ಹೊಸ ಕಾರುಗಳಲ್ಲಿ ಡಿಕ್ಕಿಯ ಬಾಗಿಲು ತೆರೆದಾಗ ಕಾಣುವ ಎರಡು ಸ್ಕ್ರೂ ಬಿಚ್ಚಿದರೆ ದೀಪದ ಡಬ್ಬಿ ಇಡಿಯಾಗಿ ಹೊರಗೆ ಬರುವುದುಂಟು; ಕೆಲವಕ್ಕೆ ಒಳಗಿನಿಂದ ಕೈ ಹಾಕಿ ಹೋಲ್ಡರನ್ನೇ ತಿರುಗಿಸಿ ತೆಗೆಯಬೇಕು. ವಾಹನದ ಜೊತೆ ಕೊಟ್ಟ ಪುಸ್ತಕದಲ್ಲಿ ಇದರ ಚಿತ್ರ ಇರುತ್ತದೆ. ಆ ಪುಸ್ತಕದ ಪ್ಲಾಸ್ಟಿಕ್ ಚೀಲವನ್ನೇ ಬಿಚ್ಚದವರು ನಮ್ಮಲ್ಲಿ ಬಹಳ. ಬಲ್ಬನ್ನು ಮನೆಯ ಹಳೆಯ ಪಿನ್ ಬಲ್ಬಿನಂತೆಯೇ ಮೆಲ್ಲಗೆ ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ತುಕ್ಕು ಹಿಡಿದು ಬಾರದಿದ್ದಲ್ಲಿ ಬಟ್ಟೆ ಸುತ್ತಿ ಹಿಡಿಯಬೇಕು. ಗಾಜು ಒಡೆದರೆ ಅಂಗೈ ಕೊಯ್ಯುತ್ತದೆ. ಹೊಸದನ್ನು ಹಾಕಿದ ಮೇಲೆ ಗಾಜು ಮುಚ್ಚುವ ಮೊದಲು ಒಮ್ಮೆ ಉರಿಸಿ ನೋಡಿ. ಮುಚ್ಚುವಾಗ ಸುತ್ತಲಿನ ರಬ್ಬರ್ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿಕೊಳ್ಳಿ. ಸ್ಕ್ರೂವನ್ನು ಮಿತಿಮೀರಿ ಬಿಗಿದರೆ ಗಾಜು ಸೀಳುತ್ತದೆ, ಆ ಸೀಳಿನಲ್ಲಿ ಮಳೆಗಾಲದ ನೀರೆಲ್ಲ ಒಳಗೆ.

ಬಲ್ಬ್ ಬದಲಿಸಿದರೂ ದೀಪ ಬಾರದಿದ್ದರೆ ಗಾಬರಿ ಬೇಡ. ಒಂದು ಕಡೆಯ ದೀಪ ಮಾತ್ರ ಹೋಗಿದ್ದರೆ ಇನ್ನೊಂದು ಕಡೆಯ ಒಳ್ಳೆಯ ಬಲ್ಬನ್ನು ತಂದು ಇಲ್ಲಿ ಹಾಕಿ ನೋಡಿ. ಉರಿದರೆ ದೋಷ ಬಲ್ಬಿನದು, ಉರಿಯದಿದ್ದರೆ ಹೋಲ್ಡರಿನದು ಅಥವಾ ವೈರಿನದು. ಎರಡೂ ಕಡೆಯ ಬ್ರೇಕ್ ಲೈಟು ಒಟ್ಟಿಗೇ ಹೋಗಿದ್ದರೆ ಎರಡು ಬಲ್ಬು ಒಂದೇ ದಿನ ಸತ್ತಿರುವುದು ಅಪರೂಪ. ಮೊದಲು ಫ್ಯೂಸ್ ನೋಡಬೇಕು, ಅನಂತರ ಬ್ರೇಕ್ ಪೆಡಲಿನ ಹತ್ತಿರದ ಸಣ್ಣ ಸ್ವಿಚ್ಚನ್ನು. ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಗುರುತಿದೆ: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ. ಹೋದದ್ದು ಯಾವ ಬಣ್ಣವೋ ಅದೇ ಬಣ್ಣದ್ದನ್ನು ಹಾಕಬೇಕು. ತಾಮ್ರದ ತಂತಿ, ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಕೆಲಸ ಸಾಗಿಸುವವರನ್ನು ನಾವು ನೋಡಿದ್ದೇವೆ. ಒಳಗೆ ಎಲ್ಲಿಯಾದರೂ ವೈರು ಸವೆದು ಶಾರ್ಟ್ ಆದರೆ ಫ್ಯೂಸಿನ ಬದಲು ವೈರೇ ಹತ್ತಿ ಉರಿಯುತ್ತದೆ, ಹಿಂದೆ ಗೋಣಿಚೀಲದ ಲೋಡು ಇದ್ದರೆ ಮಿಕ್ಕದ್ದನ್ನು ಹೇಳಬೇಕಾಗಿಲ್ಲ.

ನಮ್ಮ ಸೀಮೆಯಲ್ಲಿ ಬಲ್ಬಿಗಿಂತ ಹೆಚ್ಚಾಗಿ ಕೆಡುವುದು ಅರ್ಥಿಂಗ್. ಬಲ್ಬಿನಿಂದ ಬ್ಯಾಟರಿಗೆ ಕರೆಂಟು ಮರಳುವ ದಾರಿ ವಾಹನದ ಕಬ್ಬಿಣದ ಮೈಯೇ. ಹೋಲ್ಡರು ಮೈಗೆ ತಾಗುವ ಜಾಗದಲ್ಲಿ ತುಕ್ಕು ಬಂದರೆ ಆ ದಾರಿ ಕಟ್ಟಿಹೋಗುತ್ತದೆ. ಆಗ ಕರೆಂಟು ಪಕ್ಕದ ಬಲ್ಬಿನೊಳಗಿಂದ ನುಸುಳಿ ದಾರಿ ಹುಡುಕುತ್ತದೆ. ಬ್ರೇಕ್ ತುಳಿದರೆ ಟೇಲ್ ಲೈಟ್ ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕುವುದು ಇಂಥ ವಿಚಿತ್ರಗಳಿಗೆಲ್ಲ ಇದೇ ಮೂಲ. ಮಳೆಗಾಲದ ಥಂಡಿ ಒಂದು ಕಾರಣ. ಇನ್ನೊಂದು ಕಾರಣವನ್ನು ನಾವೇ ವಾಹನದಲ್ಲಿ ಹೇರಿಕೊಂಡು ಹೋಗುತ್ತೇವೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದರಲ್ಲಿ ಅದ್ದಿದ ಕತ್ತಿಯ ಮೇಲೆ ಕೆಂಪು ತಾಮ್ರ ಕೂರುವುದನ್ನು ಬೆಳೆಗಾರರೆಲ್ಲ ಬಲ್ಲರು. ಮೈಲುತುತ್ತದ ನೀರು ಪಿಕಪ್‌ನ ಹಿಂಬಾಗಿಲ ಸಂದಿಯಿಂದ ದೀಪದ ಡಬ್ಬಿಗೆ ಸೋರಿದಾಗ ಆಗುವುದೂ ಅದೇ: ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಆದ್ದರಿಂದ ಔಷಧಿಯ ಡ್ರಮ್ ಸಾಗಿಸಿದ ದಿನ ಹಿಂಬದಿಯನ್ನು ಶುದ್ಧ ನೀರಿನಿಂದ ತೊಳೆಯುವುದನ್ನು ಮರೆಯಬಾರದು. ಹೋಲ್ಡರಿನಲ್ಲಿ ಹಸಿರು ಕಿಲುಬು, ಕೆಂಪು ತುಕ್ಕು ಕಂಡರೆ ಕೀಲಿ ತೆಗೆದಿರುವಾಗಲೇ ಪಾಲಿಶ್ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಒರೆಸಿ, ಬಲ್ಬ್ ಹಾಕಿದ ಮೇಲೆ ಬುಡದ ಸುತ್ತ ವ್ಯಾಸಲೀನನ್ನು ತೆಳ್ಳಗೆ ಸವರಬೇಕು. ಅರ್ಥ್ ವೈರಿನ ಸ್ಕ್ರೂವನ್ನೂ ಬಿಚ್ಚಿ, ಉಜ್ಜಿ ಮತ್ತೆ ಬಿಗಿಯಬೇಕು. ಜೂನಿನಲ್ಲಿ ಮೊದಲ ಔಷಧಿಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಹೀಗೆ ಮಾಡಿದರೆ ವರ್ಷವೆಲ್ಲ ನಿಶ್ಚಿಂತೆ.

ಇಂಡಿಕೇಟರ್ ತನ್ನ ರೋಗವನ್ನು ತಾನೇ ಹೇಳುತ್ತದೆ. ಸರಿಯಿರುವಾಗ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಒಂದು ಕಡೆಗೆ ಹಾಕಿದಾಗ ಮಾತ್ರ ಟಿಕ್ ಟಿಕ್ ಸದ್ದು ಅವಸರವಾದರೆ ಆ ಕಡೆಯ ಬಲ್ಬೊಂದು ಹೋಗಿದೆಯೆಂದು ತಿಳಿಯಬೇಕು. ಹಳೆಯ ಜೀಪುಗಳಲ್ಲಿ ಇದಕ್ಕೆ ವಿರುದ್ಧವಾಗಿ ನಿಧಾನವಾಗುವುದು, ಮಿನುಗದೆ ನಿಂತುಬಿಡುವುದೂ ಉಂಟು. ಬಿಳಿ ಗಾಜಿನ ದೀಪಕ್ಕೆ ಕಿತ್ತಳೆ ಬಣ್ಣದ ಬಲ್ಬೇ ಬೇಕು. ಬಲ್ಬುಗಳು ಪದೇ ಪದೇ ಹೋಗುತ್ತಿದ್ದರೆ ಎರಡು ಕಾರಣ: ರಸ್ತೆಯ ಕುಲುಕಾಟ, ಇಲ್ಲವೇ ಚಾರ್ಜಿಂಗ್ ವೋಲ್ಟೇಜ್ ಹೆಚ್ಚಾಗಿರುವುದು. ವೋಲ್ಟೇಜ್ ನೂರಕ್ಕೆ ಐದರಷ್ಟು ಏರಿದರೂ ಬಲ್ಬಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಹದಿನಾಲ್ಕೂವರೆ ವೋಲ್ಟಿಗಿಂತ ಬಹಳ ಹೆಚ್ಚು ಕಂಡರೆ ಎಲೆಕ್ಟ್ರಿಷಿಯನ್‌ಗೆ ತೋರಿಸುವುದು ಒಳಿತು.

ಒಳಗಿನ ದೀಪದ ವಿಷಯ ಸುಲಭ. ಚಾವಣಿಯ ದೀಪದ ಮುಚ್ಚಳವನ್ನು ಚಪ್ಪಟೆ ಸ್ಕ್ರೂ ಡ್ರೈವರಿನಿಂದ ಹಗುರಾಗಿ ಎಬ್ಬಿಸಿದರೆ, ಎರಡೂ ತುದಿಗೆ ಲೋಹದ ಟೋಪಿಯಿರುವ ಪುಟ್ಟ ಕೊಳವೆಯಂಥ ಬಲ್ಬ್ ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನೇ ಒಯ್ದು ಉದ್ದ ಹೋಲಿಸಿ ತರಬೇಕು. 10 ವ್ಯಾಟಿನ ಈ ದೀಪ ರಾತ್ರಿ 10 ತಾಸು ಉರಿದು ಉಳಿದರೆ ಬ್ಯಾಟರಿಯ ಸುಮಾರು 8 ಆಂಪಿಯರ್-ಅವರ್ ತಿಂದುಹಾಕುತ್ತದೆ. 35ರ ಬ್ಯಾಟರಿ ಹಳೆಯದಾಗಿದ್ದರೆ ಬೆಳಗ್ಗೆ ನಾಲ್ಕು ಜನ ನೂಕಬೇಕು. ಇಲ್ಲಿ ಎಲ್‌ಇಡಿ ಹಾಕುವುದು ಜಾಣತನ. ಹೊರಗಿನ ದೀಪಗಳಿಗೆ ಅದನ್ನು ಹಾಕುವುದನ್ನು ನಾವು ಒಪ್ಪುವುದಿಲ್ಲ. ಬಲ್ಬಿಗೆಂದು ಮಾಡಿದ ಡಬ್ಬಿಯಲ್ಲಿ ಎಲ್‌ಇಡಿಯ ಬೆಳಕು ಸರಿಯಾಗಿ ಹರಡುವುದಿಲ್ಲ, ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಪೇಲವವಾಗಿ ಕಾಣುತ್ತದೆ, ಇಂಡಿಕೇಟರ್ ಕೂಡ ಅವಸರಕ್ಕೆ ಬೀಳುತ್ತದೆ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಡನೆ ಬಂದ ವಾಹನದ ಮಾತು ಬೇರೆ. ಅದು ಕೆಟ್ಟರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಡ್ಯಾಶ್ ಬೋರ್ಡಿನ ಮೀಟರ್ ದೀಪ, ಏರ್‌ಬ್ಯಾಗ್ ಇರುವ ಸ್ಟಿಯರಿಂಗ್ ಸುತ್ತಲಿನ ಯಾವುದೇ ಭಾಗ, ಇವನ್ನೂ ಬಿಚ್ಚುವ ಗೋಜಿಗೆ ಹೋಗಬಾರದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಾತ್ರಿಯಲ್ಲಷ್ಟೇ ಅಲ್ಲ, ಬೆಳಕು ಸಾಲದ ಯಾವ ಹೊತ್ತಿನಲ್ಲಿಯೂ ದೀಪ ಉರಿಯುತ್ತಿರಬೇಕು: ಹಿಂದಕ್ಕೆ ಕೆಂಪು, ನಂಬರ್ ಪ್ಲೇಟಿನ ಮೇಲೆ ಬಿಳಿ. ಜುಲೈ ತಿಂಗಳ ಮಧ್ಯಾಹ್ನ ಅಣಶಿಯ ಕಡೆ ಮಂಜು ಇಳಿದಾಗ ಈ ನಿಯಮದ ಅರ್ಥ ತಾನಾಗಿ ತಿಳಿಯುತ್ತದೆ. ದೀಪ ಸರಿಯಿದ್ದೂ ಮುಚ್ಚಿಹೋಗುವುದು ಇನ್ನೊಂದು ಬಗೆ. ತಾಡಪಾಲಿನ ಅಂಚು ಜೋತುಬಿದ್ದು ಪಿಕಪ್‌ನ ಎರಡೂ ದೀಪ ಮರೆಯಾಗುತ್ತವೆ. ಹಳಿಯಾಳ, ಮುಂಡಗೋಡ ಕಡೆಯ ಸದಸ್ಯರು ಕಬ್ಬು, ಗೋವಿನಜೋಳ ತುಂಬುವ ಟ್ರ್ಯಾಕ್ಟರ್ ಟ್ರೇಲರುಗಳಿಗೆ ದೀಪದ ಪ್ಲಗ್ಗನ್ನೇ ಸಿಕ್ಕಿಸಿರುವುದಿಲ್ಲ. ಮಾಘ ಮಾಸದಲ್ಲಿ ಉಳವಿ ಜಾತ್ರೆಗೆ ಹೋಗುವ ಚಕ್ಕಡಿಗಳೂ ಇದೇ ರಸ್ತೆಯಲ್ಲಿರುತ್ತವೆ. ಅವುಗಳನ್ನು ಕಂಡು ನಾವು ಫಕ್ಕನೆ ಬ್ರೇಕ್ ಹಾಕುವ ಆ ಕ್ಷಣದಲ್ಲಿ ನಮ್ಮ ಹಿಂದಿನವನಿಗೆ ಕೆಂಪು ದೀಪವೊಂದೇ ಆಧಾರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವವನು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತಾನೆ.

ಬ್ರೇಕ್ ಲೈಟನ್ನು ಒಬ್ಬರೇ ಪರೀಕ್ಷಿಸಲು ಉಪಾಯವಿದೆ. ಕತ್ತಲಾದ ಮೇಲೆ ವಾಹನದ ಹಿಂಬದಿಯನ್ನು ಬಿಳಿ ಗೋಡೆಗೆ ನಾಲ್ಕು ಅಡಿ ಹತ್ತಿರ ನಿಲ್ಲಿಸಿ, ಬ್ರೇಕ್ ತುಳಿದು, ಕನ್ನಡಿಗಳಲ್ಲಿ ನೋಡಬೇಕು. ಗೋಡೆಯ ಮೇಲೆ ಎರಡೂ ಕಡೆ ಕೆಂಪು ಒಂದೇ ಸಮ ಹೆಚ್ಚಾಗಬೇಕು. ಅನಂತರ ರಿವರ್ಸ್ ಗೇರ್, ಇಂಡಿಕೇಟರ್ ಒಂದೊಂದಾಗಿ. ಗೋಡೆ ಇಲ್ಲದವರು ಮನೆಯ ಹುಡುಗರಲ್ಲಿ ಒಬ್ಬನನ್ನು ಪಕ್ಕಕ್ಕೆ ನಿಲ್ಲಿಸಿ ಕೂಗಿ ಹೇಳಿಸಿಕೊಳ್ಳಬಹುದು; ವಾಹನದ ನೇರ ಹಿಂದೆ ಮಾತ್ರ ನಿಲ್ಲಿಸಬಾರದು. ಸಂಘಕ್ಕೆ ಸಂಜೆ ಮಾಲು ತರುವ ಸದಸ್ಯರು ಇಳಿಸಿದ ಮೇಲೆ ಗೋದಾಮಿನ ಸುಣ್ಣದ ಗೋಡೆಯನ್ನು ಈ ಕೆಲಸಕ್ಕೆ ಧಾರಾಳವಾಗಿ ಬಳಸಬಹುದು. ಡಬಲ್ ಫಿಲಮೆಂಟಿನ ಎರಡು, 21 ವ್ಯಾಟಿನ ಎರಡು, 5 ವ್ಯಾಟಿನ ಎರಡು ಬಲ್ಬು ಮತ್ತು ನಾಲ್ಕು ಫ್ಯೂಸುಗಳನ್ನು ಹತ್ತಿಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿ ಹಾಕಿ ವಾಹನದಲ್ಲಿಯೇ ಇಟ್ಟುಕೊಳ್ಳುವುದು.